ಹನ್ನೆರಡಕ್ಕೇ ಮುಗಿಯುತ್ತಿದ್ದ ಬಾಲ್ಯ: ಜಪಾನಿನ ಪ್ರಾಥಮಿಕ ಶಾಲೆಗೆ ‘ಮುಂದೇನು?’ ಎಂಬ ಪ್ರಶ್ನೆ ಬಂದ ಕತೆ

ನಿಮ್ಮ ಮಗು ಜಪಾನಿನ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದರೆ ಒಂದು ಹಾಳೆ ನಿಮ್ಮ ಕೈಗೂ ಬಂದಿರುತ್ತೆ. ಈ ವರ್ಷ ಏನು ಮಾಡಬೇಕು ಅಂತಿದ್ದೀಯ, ಯಾವುದರಲ್ಲಿ ಪ್ರಯತ್ನಪಟ್ಟೆ, ಮುಂದೆ ಹೇಗಿರಬೇಕು ಅಂತ ಆಸೆ, ಹೀಗೆ ನಾಲ್ಕಾರು ಪ್ರಶ್ನೆ. ಕೆಳಗೆ ಮೇಷ್ಟ್ರಿಗೊಂದು ಚೌಕ, ಮನೆಯವರಿಗೊಂದು ಚೌಕ. ಶಾಲೆಯಿಂದ ಶಾಲೆಗೆ ನಮೂನೆ ಬೇರೆ, ಕೆಲವೆಡೆ ಹೆಸರೂ ಬೇರೆ, ಸಾಮಾನ್ಯ ಹೆಸರು ಮಾತ್ರ: ಕ್ಯಾರಿಯರ್ ಪಾಸ್‌ಪೋರ್ಟ್.

ಇದನ್ನು ಮೊದಲ ಸಲ ನೋಡಿದ ನಮ್ಮವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಅನ್ನಿಸುತ್ತೆ. ಒಂದು, “ಇನ್ನೂ ಹಲ್ಲು ಬೀಳ್ತಾ ಇರೋ ಮಗುವಿಗೆ ಕ್ಯಾರಿಯರ್ ಯಾಕಪ್ಪ?” ಇನ್ನೊಂದು, “ಪರವಾಗಿಲ್ಲ, ಈಗಲೇ ಶುರು ಮಾಡಿದ್ರೆ ಒಳ್ಳೇದೇ, ಇಂಜಿನಿಯರ್ ಅಂತ ಬರೆಸೋಣ.” ಎರಡೂ ಯೋಚನೆ ಸಹಜವೇ. ಆದರೆ ಆ ಹಾಳೆ ಕೇಳುತ್ತಿರುವುದು ಬೇರೆ. ಅದು ಯಾಕೆ ಹಾಗಿದೆ ಅಂತ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಯಾಕಂದ್ರೆ ಜಪಾನಿನ ಪ್ರಾಥಮಿಕ ಶಾಲೆಗೆ ಕೆಲಸದ ಮಾತು ಬಂದಿರುವುದು ಇದು ಎರಡನೇ ಸಲ. ಮೊದಲ ಸಲ ಬಂದಾಗ ಅದು ಎಲ್ಲಿಗೆ ಹೋಗಿ ಮುಟ್ಟಿತು ಅನ್ನೋದೇ ಈ ಬರಹದ ವಿಷಯ.

ಮೊದಲ ಸಲ: ಶಾಲೆ ಮುಗಿದರೆ ಕೆಲಸ

ಜಪಾನ್ ಆಧುನಿಕ ಶಾಲಾ ವ್ಯವಸ್ಥೆಯನ್ನು ಶುರು ಮಾಡಿದ್ದು 1872ರಲ್ಲಿ. 1900ರಲ್ಲಿ ನಾಲ್ಕು ವರ್ಷದ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿ, ಶುಲ್ಕವೂ ಹೋಯಿತು. 1907ರ ಆದೇಶ ಆ ನಾಲ್ಕನ್ನು ಆರು ಮಾಡಿತು. ಇದರ ನಡುವೆಯೇ, 1898ರಲ್ಲಿ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. 1912ರಲ್ಲಿ ಮೈಸೂರಿನ ದಿವಾನರಾದರು. ಮರುವರ್ಷ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು, ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಹಾಗಾಗಿ ಶಾಲೆಯನ್ನೂ ದುಡಿಮೆಯನ್ನೂ ಜೋಡಿಸಿ ನೋಡುವುದು ಕನ್ನಡಿಗರಿಗೆ ತೀರಾ ಹೊಸ ಮಾತೇನಲ್ಲ.

ಈಗ 1910ರ ದಶಕದ ಜಪಾನಿನ ಒಂದು ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹನ್ನೆರಡನೇ ವಯಸ್ಸಿಗೆ ಆರನೇ ತರಗತಿ ಮುಗಿಯುತ್ತೆ. ಕಾಸಿದ್ದವರ ಮಗ ಪರೀಕ್ಷೆ ಬರೆದು ಮಾಧ್ಯಮಿಕ ಶಾಲೆಗೆ ಹೋಗ್ತಾನೆ. ಇನ್ನು ಕೆಲವರು ಎರಡು ವರ್ಷದ ಉನ್ನತ ಪ್ರಾಥಮಿಕಕ್ಕೆ. ಉಳಿದವರು? ಅಂಗಡಿಗೆ, ಗದ್ದೆಗೆ, ನೂಲಿನ ಗಿರಣಿಗೆ. ಕಾನೂನೂ ಇದನ್ನು ಒಪ್ಪಿಕೊಂಡಿತ್ತು. 1923ರ ಒಂದು ಕಾಯಿದೆ ನೋಡಿ: ಹದಿನಾಲ್ಕು ತುಂಬದವರನ್ನು ಕೈಗಾರಿಕೆಯಲ್ಲಿ ದುಡಿಸಬಾರದು, ಆದರೆ ಹನ್ನೆರಡು ತುಂಬಿ ಪ್ರಾಥಮಿಕ ಶಾಲೆ ಮುಗಿಸಿದ್ದರೆ ಅಡ್ಡಿಯಿಲ್ಲ. ಅಂದ್ರೆ ಪ್ರಾಥಮಿಕ ಶಾಲೆಯ ಪ್ರಮಾಣಪತ್ರವೇ ಕಾರ್ಖಾನೆಯ ಬಾಗಿಲು ತೆರೆಯುವ ಕೀಲಿಕೈ.

ಆಗ ಒಂದು ಪ್ರಶ್ನೆ ಎದ್ದಿತು. ಹನ್ನೆರಡು ವರ್ಷದ ಮಗು ಕೆಲಸಕ್ಕೆ ಹೋಗುವುದು ತಪ್ಪೋದಿಲ್ಲ ಅಂದಮೇಲೆ, ಯಾವ ಕೆಲಸಕ್ಕೆ, ಯಾರ ಕೈಕೆಳಗೆ ಅಂತ ನೋಡುವವರು ಯಾರು? ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರು 1908ರಲ್ಲಿ ಯುವಕರಿಗೆ ಕೆಲಸ ಆರಿಸಿಕೊಳ್ಳಲು ಸಲಹೆ ಕೊಡುವ ಕಚೇರಿ ತೆರೆದಿದ್ದರು. ಆ ವಿಚಾರ ಜಪಾನಿಗೆ ಬಂತು. ಶಿಕ್ಷಣತಜ್ಞ ಇರಿಸಾವಾ ಸೋಜು 1915ರ ತಮ್ಮ ಪುಸ್ತಕದಲ್ಲಿ ಅದಕ್ಕೆ ‘ಶೊಕುಗ್ಯೋ ಶಿದೋ’ ಎಂದು ಹೆಸರಿಟ್ಟರು. ವೃತ್ತಿ ಮಾರ್ಗದರ್ಶನ ಅಂತ ನಾವು ಹೇಳಬಹುದು. 1920ರಲ್ಲಿ ಒಸಾಕಾ ನಗರಸಭೆ ಹುಡುಗ ಹುಡುಗಿಯರಿಗಾಗಿಯೇ ಒಂದು ಕೆಲಸದ ಸಲಹಾ ಕೇಂದ್ರ ತೆರೆಯಿತು. 1925ರಲ್ಲಿ ಸರ್ಕಾರ, ಉದ್ಯೋಗ ವಿನಿಮಯ ಕಚೇರಿಗಳೂ ಪ್ರಾಥಮಿಕ ಶಾಲೆಗಳೂ ಸೇರಿ ಕೆಲಸ ಮಾಡಬೇಕು ಅಂತ ಸುತ್ತೋಲೆ ಕಳಿಸಿತು.

ಇದರ ಶಿಖರ 1927ರ ನವೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಹೊರಡಿಸಿದ ಸೂಚನೆ. ಅದರ ಹೆಸರನ್ನೇ ಗಮನಿಸಿ: ಮಕ್ಕಳ ವ್ಯಕ್ತಿವಿಶೇಷವನ್ನು ಗೌರವಿಸುವುದು ಮತ್ತು ವೃತ್ತಿ ಮಾರ್ಗದರ್ಶನ. ಮಗುವಿನ ಸ್ವಭಾವ, ಆಸಕ್ತಿ, ಮನೆಯ ಪರಿಸ್ಥಿತಿ ಎಲ್ಲವನ್ನೂ ಮೇಷ್ಟ್ರು ಅರಿತಿರಬೇಕು, ಅದನ್ನು ನೋಡಿ ದಾರಿ ತೋರಿಸಬೇಕು ಎಂಬುದು ಅದರ ಆಶಯ. ಇಂದಿಗೂ ತಪ್ಪು ಹುಡುಕಲು ಕಷ್ಟವಾದ ಮಾತು.

ಅದೇ ಮೇಷ್ಟ್ರು, ಅದೇ ಮಾತು, ಯಜಮಾನ ಬೇರೆ

ಹನ್ನೊಂದೇ ವರ್ಷ. 1937ರಲ್ಲಿ ಚೀನಾದ ಮೇಲೆ ಯುದ್ಧ. 1938ರಲ್ಲಿ ರಾಷ್ಟ್ರದ ಜನ, ಸಾಮಗ್ರಿ ಎಲ್ಲವನ್ನೂ ಯುದ್ಧಕ್ಕೆ ಒಗ್ಗೂಡಿಸುವ ಕಾನೂನು ಬಂತು. ಉದ್ಯೋಗ ವಿನಿಮಯ ಕಚೇರಿಗಳು ಕೇಂದ್ರ ಸರ್ಕಾರದ ಕೈಗೆ ಹೋದವು. ಅದೇ ವರ್ಷ ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳ ವೃತ್ತಿ ಮಾರ್ಗದರ್ಶನದ ಬಗ್ಗೆ ಹೊಸ ಸೂಚನೆ ಬಂತು. ಈಗ ಮುಂದಿದ್ದದ್ದು ಮಗುವಿನ ಸ್ವಭಾವವಲ್ಲ, ದೇಶಕ್ಕೆ ಯಾವ ಕಾರ್ಖಾನೆಯಲ್ಲಿ ಎಷ್ಟು ಕೈ ಬೇಕು ಅನ್ನೋದು.

ಮಂಚೂರಿಯಾಕ್ಕೆ ಹುಡುಗರನ್ನು ಕಳಿಸಿದ ಯೋಜನೆ ಶುರುವಾದದ್ದೂ 1938ರಲ್ಲೇ. ಅಲ್ಲಿನ ನೆಲ ಹಸನು ಮಾಡಿ ನೆಲೆಸಲು ಯುವ ಸ್ವಯಂಸೇವಕರು ಬೇಕು ಅಂತ ಕರೆ. ನಮ್ಮ ಲೆಕ್ಕದಲ್ಲಿ ಹದಿನಾಲ್ಕು, ಹದಿನೈದರಿಂದ ಶುರುವಾಗಿ ಹದಿನೆಂಟರ ತನಕದ ಹುಡುಗರು. ಉನ್ನತ ಪ್ರಾಥಮಿಕ ಮುಗಿಸಿದ, ಪಾಲಿಗೆ ಹೊಲ ಬಾರದ ಎರಡನೇ ಮಗ, ಮೂರನೇ ಮಗ. ಇವರನ್ನು ಒಪ್ಪಿಸಿದವರಲ್ಲಿ ದೊಡ್ಡ ಪಾಲು ಅವರ ಶಾಲೆಯ ಮೇಷ್ಟ್ರುಗಳದ್ದು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 86 ಸಾವಿರ ಹುಡುಗರು ಹೋಗಿದ್ದರು. ಅವರಲ್ಲಿ ಸಾವಿರಾರು ಮಂದಿ ಮರಳಿ ಬರಲಿಲ್ಲ.

ಆ ಮೇಷ್ಟ್ರುಗಳೆಲ್ಲ ಕೆಟ್ಟವರು ಅಂತ ತೀರ್ಪು ಕೊಡುವುದು ಸುಲಭ. ಆದರೆ ಅಲ್ಲಿ ನೋಡಬೇಕಾದ್ದು ಬೇರೆ ಇದೆ. ಮಗುವಿನ ಸ್ವಭಾವ, ಮನೆಯ ಬಡತನ, ಮನಸ್ಸಿನ ಆಸೆ, ಇಷ್ಟನ್ನೂ ಮೇಷ್ಟ್ರು ತಿಳಿದುಕೊಳ್ಳಬೇಕು ಅಂದಿತ್ತು 1927ರ ಸೂಚನೆ. ಮಗುವನ್ನು ಚೆನ್ನಾಗಿ ಬಲ್ಲವರೇ ಅದನ್ನು ಚೆನ್ನಾಗಿ ಒಪ್ಪಿಸಬಲ್ಲರು. “ನಿನಗೇನಿಷ್ಟ?” ಅಂತ ಕೇಳಿ ಪಡೆದ ಉತ್ತರ ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಸಿಗುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಪ್ರಶ್ನೆ ಹದಿನೈದಕ್ಕೆ ಸರಿಯಿತು

ಯುದ್ಧ ಸೋತ ಮೇಲೆ, 1947ರಲ್ಲಿ, ಕಡ್ಡಾಯ ಶಿಕ್ಷಣ ಒಂಬತ್ತು ವರ್ಷವಾಯಿತು: ಆರು ಪ್ರಾಥಮಿಕ, ಮೂರು ಕಿರಿಯ ಪ್ರೌಢ. ಅದೇ ವರ್ಷದ ಕಾರ್ಮಿಕ ಕಾನೂನು ದುಡಿಮೆಯ ವಯಸ್ಸನ್ನು ಹದಿನೈದಕ್ಕೆ ಏರಿಸಿತು. ಹಾಗಾಗಿ ಕೆಲಸದ ಮಾತು ಪ್ರಾಥಮಿಕ ಶಾಲೆಯಿಂದ ಎದ್ದು ಪಕ್ಕದ ಕಟ್ಟಡಕ್ಕೆ ಹೋಯಿತು.

ಅಲ್ಲಿ ಅದಕ್ಕೆ ಕೈತುಂಬ ಕೆಲಸ. 1954ರಿಂದ 1975ರ ತನಕ, ಉತ್ತರದ ಹಳ್ಳಿಗಳಿಂದ ಹದಿನೈದರ ಮಕ್ಕಳನ್ನು ತುಂಬಿಕೊಂಡು ಟೋಕಿಯೋದ ಉಎನೋ ನಿಲ್ದಾಣಕ್ಕೆ ವಿಶೇಷ ರೈಲುಗಳು ಬರುತ್ತಿದ್ದವು. ‘ಶೂದಾನ್ ಶೂಶೊಕು’, ಗುಂಪಾಗಿ ಕೆಲಸಕ್ಕೆ ಸೇರುವುದು. ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಯವರು ಈ ಮಕ್ಕಳನ್ನು ‘ಬಂಗಾರದ ಮೊಟ್ಟೆ’ ಅಂತ ಕರೆದರು. ಕರೆದದ್ದು ಪ್ರೀತಿಯಿಂದಲೇ ಇರಬಹುದು, ಆದರೂ ಮೊಟ್ಟೆಯ ಬೆಲೆ ಅದನ್ನು ಕೊಳ್ಳುವವನಿಗೆ ತಾನೆ?

ಆಮೇಲೆ ದೇಶ ಶ್ರೀಮಂತವಾಯಿತು. 1974ರ ಹೊತ್ತಿಗೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಹಿರಿಯ ಪ್ರೌಢಶಾಲೆಗೆ ಹೋಗುತ್ತಿದ್ದರು. 1950ರ ದಶಕದ ಕೊನೆಗೇ ‘ವೃತ್ತಿ ಮಾರ್ಗದರ್ಶನ’ದ ಹೆಸರು ‘ಶಿನ್ರೋ ಶಿದೋ’ ಎಂದು ಬದಲಾಗಿತ್ತು, ಅಂದರೆ ಮುಂದಿನ ದಾರಿಯ ಮಾರ್ಗದರ್ಶನ. ಕಾಲಕ್ರಮದಲ್ಲಿ ಆ ದಾರಿ ಅಂದ್ರೆ ಯಾವ ಶಾಲೆ ಅಂತಷ್ಟೇ ಆಯಿತು. ‘ಹೆನ್ಸಾಚಿ’ ಎಂಬ ಅಂಕ, ಅಂದರೆ ಉಳಿದ ಮಕ್ಕಳಿಗೆ ಹೋಲಿಸಿದರೆ ನೀನೆಲ್ಲಿ ನಿಂತಿದ್ದೀಯ ಎಂಬ ಲೆಕ್ಕ, ಮಗುವಿನ ದಾರಿ ತೀರ್ಮಾನಿಸತೊಡಗಿತು. ಖಾಸಗಿ ಕಂಪನಿಗಳು ನಡೆಸುವ ಪರೀಕ್ಷೆಗಳನ್ನು ಕಿರಿಯ ಪ್ರೌಢಶಾಲೆಗಳಿಂದ ಹೊರಗಿಡಿ ಅಂತ 1993ರಲ್ಲಿ ಶಿಕ್ಷಣ ಇಲಾಖೆಯೇ ಹೇಳಬೇಕಾಯಿತು. ರ‍್ಯಾಂಕ್, ಸೀಟು, ಕಟ್‌ಆಫ್ ಅಂತ ಬೆಳೆದ ನಮ್ಮಲ್ಲಿ ಅನೇಕರಿಗೆ ಇದು ತುಂಬ ಪರಿಚಿತ ಊರು.

ಎರಡನೇ ಸಲ: 1999

ಹೀಗೇ ನಡೆಯುತ್ತಿತ್ತೇನೋ. ಆದರೆ 1990ರ ದಶಕದ ಮೊದಲಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. ಒಳ್ಳೆ ಶಾಲೆ, ಒಳ್ಳೆ ಕಾಲೇಜು, ಒಳ್ಳೆ ಕಂಪನಿ, ನಿವೃತ್ತಿ ತನಕ ಅಲ್ಲೇ, ಎಂಬ ಮೆಟ್ಟಿಲ ಸಾಲಿನ ಕೊನೆಯ ಮೆಟ್ಟಿಲು ಮುರಿಯಿತು. ಓದು ಮುಗಿಸಿದವರಿಗೆ ಕಾಯಂ ಕೆಲಸ ಸಿಗಲಿಲ್ಲ. ತಾತ್ಕಾಲಿಕ ಕೆಲಸಗಳಲ್ಲಿ ದಿನ ನೂಕುವವರಿಗೆ ‘ಫ್ರೀತಾ’ ಎಂಬ ಹೆಸರು ಆಗಲೇ ಬಳಕೆಯಲ್ಲಿತ್ತು.

1999ರ ಡಿಸೆಂಬರ್‌ನಲ್ಲಿ ಕೇಂದ್ರ ಶಿಕ್ಷಣ ಮಂಡಳಿ ತನ್ನ ವರದಿಯಲ್ಲಿ ‘ಕ್ಯಾರಿಯರ್ ಶಿಕ್ಷಣ’ ಎಂಬ ಪದ ಬಳಸಿತು, ಅದು ಪ್ರಾಥಮಿಕ ಹಂತದಿಂದಲೇ ಶುರುವಾಗಬೇಕು ಅಂತಲೂ ಹೇಳಿತು. ಐವತ್ತು ವರ್ಷದ ನಂತರ ಕೆಲಸದ ಮಾತು ಚಿಕ್ಕ ಮಕ್ಕಳ ಶಾಲೆಗೆ ವಾಪಸ್ ಬಂತು. ಕೆಲಸಗಳ ಬಗ್ಗೆ ಇಡೀ ದೇಶಕ್ಕೇ ಕುತೂಹಲ ಹುಟ್ಟಿದ ಕಾಲ ಅದು. ಕಾದಂಬರಿಕಾರ ಮುರಾಕಾಮಿ ರ‍್ಯೂ 2003ರಲ್ಲಿ ಹದಿಮೂರರ ಮಕ್ಕಳಿಗೆಂದು 514 ಕೆಲಸಗಳನ್ನು ಪರಿಚಯಿಸುವ ದಪ್ಪ ಪುಸ್ತಕ ಬರೆದರೆ ಅದು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಮೆಕ್ಸಿಕೋದಲ್ಲಿ ಹುಟ್ಟಿದ ಕಿಡ್ಜಾನಿಯಾ 2006ರಲ್ಲಿ ಟೋಕಿಯೋದ ತೊಯೋಸುವಿನಲ್ಲಿ ಬಾಗಿಲು ತೆರೆಯಿತು. ನಿಮ್ಮಲ್ಲಿ ಕೆಲವರು ಮಕ್ಕಳನ್ನು ಕರಕೊಂಡು ಹೋಗಿಯೂ ಇರುತ್ತೀರಿ.

ಆದರೆ ಶಾಲೆ ಆ ದಾರಿ ಹಿಡಿಯಲಿಲ್ಲ. ಶಿಕ್ಷಣ ಇಲಾಖೆಯ ಹಂತಗಳನ್ನು ನೋಡಿ: ಕಿರಿಯ ಪ್ರೌಢಶಾಲೆ ನಿಜವಾದ ಹುಡುಕಾಟದ, ತಾತ್ಕಾಲಿಕ ಆಯ್ಕೆಯ ಕಾಲ. ಹ್ಯೋಗೋ ಪ್ರಾಂತ್ಯದಲ್ಲಿ 1998ರಿಂದ ಎಂಟನೇ ತರಗತಿಯ ಮಕ್ಕಳು ಐದು ದಿನ ಊರಿನ ಅಂಗಡಿ, ಆಸ್ಪತ್ರೆ, ಶಿಶುವಿಹಾರಗಳಲ್ಲಿ ದುಡಿದು ನೋಡುತ್ತಾರಲ್ಲ, ಅದು ಈ ಹಂತದ್ದು. ಪ್ರಾಥಮಿಕ ಶಾಲೆ ಮಾತ್ರ ‘ಅಡಿಪಾಯ ಹಾಕುವ ಕಾಲ’. ಕೆಲಸ ಆರಿಸೋದು ಅಲ್ಲಿನ ಕೆಲಸವೇ ಅಲ್ಲ.

ಹಾಗಾದರೆ ಅಡಿಪಾಯ ಅಂದ್ರೆ ಏನು? ಬಿಳಿ ಟೋಪಿ, ಬಿಳಿ ಅಂಗಿ ಹಾಕಿಕೊಂಡು ಮಕ್ಕಳೇ ತರಗತಿಗೆ ಊಟ ಬಡಿಸುವ ‘ಕ್ಯೂಶೊಕು ತೋಬಾನ್’. ನೆಲ ಒರೆಸುವುದು. ಗಿಡಕ್ಕೆ ನೀರು ಹಾಕುವ ಪಾಳಿ. ಒಂದು, ಎರಡನೇ ತರಗತಿಯಲ್ಲಿ ‘ಮಾಚಿ ತಾಂಕೆನ್’, ಅಂದರೆ ಊರು ಸುತ್ತಿ ತೋಫು ಅಂಗಡಿಯವರನ್ನೋ ಅಂಚೆಯವರನ್ನೋ ಮಾತಾಡಿಸುವುದು. ಮೂರನೇ ತರಗತಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ಏನು ನಡೆಯುತ್ತೆ ಅಂತ ನೋಡುವುದು. ಐದರಲ್ಲಿ ಭತ್ತ, ಮೀನುಗಾರಿಕೆ, ಕಾರು ತಯಾರಿಕೆ. ಇವುಗಳಲ್ಲಿ ಹೆಚ್ಚಿನವು 1999ಕ್ಕೂ ಮುಂಚಿನವು. ಹೊಸದಾಗಿ ಬಂದದ್ದು ಇವನ್ನೆಲ್ಲ ಒಂದು ದಾರದಲ್ಲಿ ಪೋಣಿಸಿ, “ನಾನು ಮಾಡಿದ ಕೆಲಸದಿಂದ ಯಾರಿಗೆ ಏನಾಯಿತು?” ಅಂತ ಮಗು ಯೋಚಿಸುವ ಹಾಗೆ ಮಾಡುವುದು. ಆ ದಾರವೇ 2020ರ ಏಪ್ರಿಲ್‌ನಿಂದ ಬಂದ ಕ್ಯಾರಿಯರ್ ಪಾಸ್‌ಪೋರ್ಟ್. ವರ್ಷಕ್ಕೆ ಐದು ಹಾಳೆ ಮೀರಬಾರದು. ಒಂದು ಶಾಲೆಯಿಂದ ಮುಂದಿನ ಶಾಲೆಗೆ ಮಗುವೇ ಅದನ್ನು ಒಯ್ಯಬೇಕು ಎಂಬುದು ನಿಯಮ.

ಮಗುವಿನ ಕೈಯಲ್ಲೇ ಇರಬೇಕು ಅನ್ನೋ ಈ ಮಾತು ಸಣ್ಣದಲ್ಲ. 1938ರ ಕತೆ ಓದಿದವರಿಗೆ ಅದರ ತೂಕ ಗೊತ್ತಾಗುತ್ತೆ. ಇನ್ನೊಂದು ಕಡೆ, ಅಪಾಯ ಪೂರ್ತಿ ಹೋಯಿತು ಅಂತಲೂ ಹೇಳಲಾಗದು. 1999ರ ವರದಿಯ ಹಿಂದೆ ಇದ್ದ ಚಿಂತೆಯಲ್ಲಿ ಮಕ್ಕಳ ಸುಖ ಎಷ್ಟು, ಮಾರುಕಟ್ಟೆಯ ಅಗತ್ಯ ಎಷ್ಟು ಅಂತ ಅಲ್ಲಿನವರೇ ಇಂದಿಗೂ ವಾದಿಸುತ್ತಾರೆ. ಕಂಪನಿಗಳು ಕಾಯಂ ಕೆಲಸ ಕಡಿಮೆ ಮಾಡಿದ್ದಕ್ಕೆ ಮಕ್ಕಳ ಮನೋಭಾವ ತಿದ್ದಿದರೆ ಆಗುತ್ತಾ? ನ್ಯಾಯವಾದ ಪ್ರಶ್ನೆ.

ನಮ್ಮ ಮನೆಯ ಚೌಕ

ಒಂದು ಜೀವವಿಮಾ ಕಂಪನಿ ಮಕ್ಕಳಿಗೆ ದೊಡ್ಡವರಾದ ಮೇಲೆ ಏನಾಗ್ತೀರಿ ಅಂತ 1989ರಿಂದ ಕೇಳುತ್ತಾ ಬಂದಿದೆ. ಕೊರೋನಾ ಕಾಲದ ಸಮೀಕ್ಷೆಯಲ್ಲಿ ಪ್ರಾಥಮಿಕ ಶಾಲೆಯ ಹುಡುಗರ ಮೊದಲ ಉತ್ತರ ‘ಕಾಯ್ಶಾಇನ್’ ಅಂತ ಬಂತು. ಕಂಪನಿಯ ನೌಕರ, ಅಷ್ಟೇ. ಮನೆಯಿಂದ ದುಡಿಯುವ ಅಪ್ಪ ಅಮ್ಮನನ್ನು ಮಕ್ಕಳು ಮೊದಲ ಸಲ ಹತ್ತಿರದಿಂದ ನೋಡಿದ್ದು ಇದಕ್ಕೆ ಕಾರಣ ಇರಬಹುದು ಅಂತ ವಿವರಣೆ ಕೊಟ್ಟರು. ನಿಜವೋ ಅಲ್ಲವೋ, ಮಕ್ಕಳು ನಮ್ಮನ್ನು ನೋಡುತ್ತಿರುತ್ತಾರೆ ಅನ್ನೋದಂತೂ ಸುಳ್ಳಲ್ಲ.

ಹಾಗಾಗಿ ನಿಶಿ ಕಸಾಯ್‌ನಲ್ಲೋ ಯೊಕೊಹಾಮಾದಲ್ಲೋ ಇರುವ ಅಪ್ಪ ಅಮ್ಮಂದಿರೇ, ‘ಮನೆಯವರ ಮಾತು’ ಬರೆಯುವಾಗ ಕೆಲಸದ ಹೆಸರು ಬರೆಸುವ ಆತುರ ಬೇಡ. ಮಗು ಈ ವರ್ಷ ಯಾರಿಗೆ ಹೇಗೆ ನೆರವಾಯಿತು ಅಂತ ನೀವು ಕಂಡ ಒಂದು ಸಂಗತಿ ಬರೆಯಿರಿ. ಬೇರೆ ದೇಶಕ್ಕೆ ಹೊರಟರೆ ಆ ಹಾಳೆಗಳನ್ನು ಸಾಮಾನಿನ ಜೊತೆ ತಪ್ಪದೆ ಕಟ್ಟಿಕೊಳ್ಳಿ, ಅದು ಮಗುವಿನ ಸ್ವತ್ತು.

ಇನ್ನು ಕನ್ನಡ ಕಲಿಯುತ್ತಾ ಇದನ್ನು ಓದುತ್ತಿರುವ, ಕೇಳುತ್ತಿರುವ ಎರಡನೇ ತಲೆಮಾರಿನವರಿಗೆ ಒಂದು ಚಿಕ್ಕ ಕೆಲಸ. ಈ ವಾರ ಅಜ್ಜಿಗೋ ತಾತನಿಗೋ ಫೋನ್ ಮಾಡಿದಾಗ ಎರಡು ಪ್ರಶ್ನೆ ಕೇಳಿ: “ನೀವು ಎಷ್ಟನೇ ವಯಸ್ಸಿಗೆ ಕೆಲಸ ಶುರು ಮಾಡಿದ್ರಿ? ಆ ಕೆಲಸ ಮಾಡು ಅಂತ ಯಾರು ಹೇಳಿದ್ರು?” ಎರಡನೇ ಪ್ರಶ್ನೆಗೆ ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ.