ಕೆರೆ ಹಾಗೂ ಕೃಷಿ ಹೊಂಡಗಳಲ್ಲಿ ಹವ್ಯಾಸಿ ಮೀನುಗಾರಿಕೆ: ನಿಯಮಗಳು ಮತ್ತು ಸಲಹೆಗಳು

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮಳೆ ಅಥವಾ ಹೇಮಾವತಿ ನಾಲೆಯ ನೀರಿನಿಂದ ಕೆರೆ ತುಂಬಿದೊಡನೆ ಏರಿಯ ಮೇಲೆ ಗಾಳ ಹಿಡಿದು ಕೂರುವವರು ಹೆಚ್ಚುತ್ತಾರೆ. ಕೆರೆ ಊರಿನದಾದುದರಿಂದ ಮೀನೂ ಎಲ್ಲರದು ಎಂಬ ಭಾವನೆ ರೂಢಿಯಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯಲ್ಲ.

ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು

ರಾಜ್ಯದ ಒಳನಾಡು ಜಲಮೂಲಗಳಲ್ಲಿನ ಮೀನುಗಾರಿಕೆಯನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ನಿಯಂತ್ರಿಸುತ್ತದೆ. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಅಥವಾ ಪರವಾನಗಿಯ ಮೂಲಕ ನೀಡಲಾಗುತ್ತದೆ. ಗುತ್ತಿಗೆ ಪಡೆದವರು ಹಣ ತೆತ್ತು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತಿರುತ್ತಾರೆ. ಅನುಮತಿಯಿಲ್ಲದೆ ಹಿಡಿದ ಮೀನು ಅವರ ಜೀವನೋಪಾಯಕ್ಕೆ ಬೀಳುವ ನಷ್ಟ. ಮಲ್ಲಾಘಟ್ಟದಂತಹ ದೊಡ್ಡ ಕೆರೆಯಿರಲಿ, ಬೋರನಕಣಿವೆ ಜಲಾಶಯವಿರಲಿ, ಊರ ಮುಂದಿನ ಕಟ್ಟೆಯಿರಲಿ, ಗಾಳ ಹಾಕುವ ಮೊದಲು ಗುತ್ತಿಗೆದಾರರು ಯಾರೆಂಬುದನ್ನು ಗ್ರಾಮ ಪಂಚಾಯಿತಿ ಅಥವಾ ತಾಲ್ಲೂಕು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಿರಿ.

ನಿಷೇಧಿತ ಕ್ರಮಗಳು

1. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧ. ನೀರಿಗೆ ವಿದ್ಯುತ್ ಹರಿಸುವುದು ಹಿಡಿಯುವವರ ಪ್ರಾಣಕ್ಕೇ ಅಪಾಯ.
2. ಗಾಳಕ್ಕೆ ಆಮೆ ಸಿಕ್ಕಿದರೆ ಗಾಯವಾಗದಂತೆ ಬಿಡಿಸಿ ನೀರಿಗೆ ಬಿಡಿ. ಕೆರೆಗಳಲ್ಲಿ ಕಾಣುವ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.
3. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ದೇಶದಲ್ಲಿ ನಿಷೇಧಿತ. ಹೊಂಡ ಕೋಡಿ ಬಿದ್ದಾಗ ಇದು ಕೆರೆ ಸೇರಿ ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತದೆ.

ತೆಂಗಿನ ತೋಟದ ಕೃಷಿ ಹೊಂಡ

ಸ್ವಂತ ಹೊಂಡದಲ್ಲಿ ಗೆಂಡೆ ಮೀನು ಸಾಕಿ, ಮನೆಯವರೊಡನೆ ಗಾಳ ಹಾಕುವುದು ಒಳ್ಳೆಯ ಬಿಡುವಿನ ಹವ್ಯಾಸ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಇಳಿಜಾರು ಬಹಳ ಜಾರುತ್ತದೆ. ಈಜು ಬಲ್ಲವರೂ ಮೇಲೇರಲಾರರು. ಆದ್ದರಿಂದ ಸುತ್ತಲೂ ತಂತಿಬೇಲಿ ಹಾಕಿ, ದಡದ ಗೂಟಕ್ಕೆ ಗಂಟುಗಳಿರುವ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ, ಗಾಳಿ ತುಂಬಿದ ಟ್ಯೂಬ್ ಇರಿಸಿ. ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ತೆಂಗಿಗೆ ಔಷಧ ಹೊಡೆದ ಸಿಂಪರಣಾ ಯಂತ್ರ, ಡಬ್ಬಿಗಳನ್ನು ಹೊಂಡ ಅಥವಾ ಕೆರೆಯಲ್ಲಿ ತೊಳೆಯಬೇಡಿ. ಅಲ್ಪ ಪ್ರಮಾಣದ ಕೀಟನಾಶಕವೂ ಮೀನುಗಳನ್ನು ಸಾಯಿಸಬಲ್ಲದು.

ವಿಸ್ತರಣಾ ಕಾರ್ಯಕರ್ತರು ಈ ಅಂಶಗಳನ್ನು ಮುಂಗಾರಿಗೆ ಮೊದಲೇ ಗ್ರಾಮಸಭೆಗಳಲ್ಲಿ ತಿಳಿಸುವುದು ಸೂಕ್ತ. ಹೆಚ್ಚಿನ ಮಾಹಿತಿಗೆ ತಾಲ್ಲೂಕು ಮೀನುಗಾರಿಕೆ ಇಲಾಖೆ ಅಥವಾ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.