ಅಂಚೆಯಿಂದ ಇ-ಮೇಲ್‌ವರೆಗೆ: ಬೇಡದ ಪತ್ರಗಳನ್ನು ಸೋಸಿದ ಕಥೆ



ನಂಜನಗೂಡು, ತಿ. ನರಸೀಪುರದ ಕಡೆಯ ಭತ್ತ ಬೆಳೆಯುವ ಮನೆಗಳಲ್ಲಿ ಜರಡಿಯ ಗುಣ ಎಲ್ಲರಿಗೂ ಗೊತ್ತು. ಕಣ್ಣು ದೊಡ್ಡದಾದರೆ ನುಚ್ಚಿನ ಜೊತೆ ಒಳ್ಳೆಯ ಅಕ್ಕಿಯೂ ಕೆಳಗೆ ಬೀಳುತ್ತದೆ. ಸಣ್ಣದಾದರೆ ದೂಳು ಮೇಲೆಯೇ ಉಳಿಯುತ್ತದೆ. ಇ-ಮೇಲ್ ಸರ್ವರ್‌ಗೂ ಇಂಥದೇ ಒಂದು ಜರಡಿ ಇದೆ. ಅದೇ ಸ್ಪ್ಯಾಮ್ ಫಿಲ್ಟರ್. ಅದು ಹೇಗೆ ಬಂತು, ಅದನ್ನು ಹೇಗೆ ಹೊಂದಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಮೈಸೂರು ಸಂಸ್ಥಾನದಲ್ಲಿ 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆಯನ್ನು ಕಟ್ಟಿದರು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಂಚೆಚೀಟಿಗೆ ಕಳುಹಿಸುವವನೇ ಹಣ ಕೊಡಬೇಕಿತ್ತು. ಆದ್ದರಿಂದ ಸುಮ್ಮನೆ ಲಕ್ಷ ಜನರಿಗೆ ಪತ್ರ ಬರೆಯುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಆ ಖರ್ಚೇ ಒಂದು ಜರಡಿಯಾಗಿತ್ತು.

ಇ-ಮೇಲ್‌ನಲ್ಲಿ ಆ ಖರ್ಚು ಹೋಯಿತು. 1978ರಲ್ಲಿ ಅಮೆರಿಕದ ಗ್ಯಾರಿ ಥುವರ್ಕ್ ಎಂಬ ಮಾರಾಟಗಾರ ತನ್ನ ಕಂಪ್ಯೂಟರ್ ಕಂಪನಿಯ ಜಾಹೀರಾತನ್ನು ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಟ್ಟಿಗೆ ಕಳುಹಿಸಿದ. ಮೊದಲ ಸ್ಪ್ಯಾಮ್ ಇದೇ ಎನ್ನುತ್ತಾರೆ. ನಮ್ಮಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. 1995ರ ಆಗಸ್ಟ್ 15ರಂದು ಇಂಟರ್‌ನೆಟ್ ಸಾರ್ವಜನಿಕರಿಗೂ ದೊರೆಯಿತು. ಮರುವರ್ಷ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿ ಉಚಿತ ಇ-ಮೇಲನ್ನು ಮನೆಮಾತಾಗಿಸಿದರು. ಉಚಿತವಾದದ್ದು ಸಜ್ಜನರಿಗೂ ಸಿಕ್ಕಿತು, ಮೋಸಗಾರರಿಗೂ ಸಿಕ್ಕಿತು.

ಮೊದಮೊದಲು 'ಲಾಟರಿ', 'ಉಚಿತ' ಎಂಬ ಪದ ಕಂಡರೆ ಪತ್ರ ತಡೆಯುತ್ತಿದ್ದರು. ಕಳ್ಳರು ಅಕ್ಷರ ಬದಲಿಸಿ ನುಸುಳಿದರು. ಆಗ ನೆರವಿಗೆ ಬಂದದ್ದು ಎಣಿಕೆ. 9ನೇ ಶತಮಾನದಲ್ಲಿಯೇ ಬಾಗ್ದಾದಿನ ವಿದ್ವಾಂಸ ಅಲ್-ಕಿಂದಿ, ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಗುಪ್ತಲಿಪಿ ಬಿಡಿಸುವ ವಿಧಾನವನ್ನು ಬರೆದಿಟ್ಟಿದ್ದರು. 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್ ಅವರ ಸಂಭವನೀಯತೆಯ ಸೂತ್ರ ಇನ್ನೊಂದು ಹೆಜ್ಜೆ. ಒಳ್ಳೆಯ ಪತ್ರಗಳಲ್ಲಿ ಯಾವ ಪದ ಎಷ್ಟು, ಕೆಟ್ಟವುಗಳಲ್ಲಿ ಎಷ್ಟು ಎಂದು ಎಣಿಸಿ ತೀರ್ಮಾನಿಸುವ ಈ ಕ್ರಮವನ್ನು 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನ ಜನಪ್ರಿಯಗೊಳಿಸಿತು.

2001ರಲ್ಲಿ ಬಂದ ಸ್ಪ್ಯಾಮ್‌ಅಸಾಸಿನ್ ಎಂಬ ಉಚಿತ ತಂತ್ರಾಂಶವನ್ನೇ ತೆಗೆದುಕೊಳ್ಳಿ. ಅದು ಪ್ರತಿ ಅನುಮಾನಕ್ಕೂ ಅಂಕ ಕೊಡುತ್ತದೆ; ಬದಲಿಸದಿದ್ದರೆ ಒಟ್ಟು 5 ಮುಟ್ಟಿದ ಪತ್ರ ಸ್ಪ್ಯಾಮ್. ಬೇಯ್ಸ್ ಎಣಿಕೆ ಶುರುವಾಗಲು ಕನಿಷ್ಠ 200 ಒಳ್ಳೆಯ, 200 ಕೆಟ್ಟ ಪತ್ರಗಳಿಂದ ಅದು ಕಲಿತಿರಬೇಕು. ಇಲ್ಲಿ ಎಚ್ಚರ ಬೇಕು. ಬರೀ ಇಂಗ್ಲಿಷ್ ಪತ್ರಗಳಿಂದ ಕಲಿತ ಫಿಲ್ಟರ್‌ಗೆ ಕನ್ನಡವೂ ಉರ್ದುವೂ ಅಪರಿಚಿತ. ನಮಗೆ ಬರುವ ಒಳ್ಳೆಯ ಕನ್ನಡ, ಉರ್ದು ಪತ್ರಗಳನ್ನೂ ಅದಕ್ಕೆ ಕಲಿಸಬೇಕು.

ನೆನಪಿಡಿ, ಫಿಲ್ಟರ್ ಎರಡು ರೀತಿ ತಪ್ಪುತ್ತದೆ. ಬೇಡದ ಪತ್ರ ಒಳಬಂದರೆ ಅಳಿಸಲು ಒಂದು ಗಳಿಗೆ ಸಾಕು. ಆದರೆ ವಿದ್ಯಾರ್ಥಿವೇತನದ ಪತ್ರವೋ ಸಂದರ್ಶನದ ಕರೆಯೋ ತಡೆಹಿಡಿದುಹೋದರೆ ಹಳ್ಳಿಯ ಹುಡುಗಿಯೊಬ್ಬಳ ಒಂದು ವರ್ಷವೇ ಹೋಗಬಹುದು. ಆದ್ದರಿಂದ ಸಂಸ್ಥೆಯ ಸರ್ವರ್ ನೋಡಿಕೊಳ್ಳುವವರು ಅನುಮಾನದ ಪತ್ರವನ್ನು ಅಳಿಸದೆ ಬೇರೆ ಫೋಲ್ಡರಿಗೆ ಹಾಕಿಸಲಿ. ನಾವು ಕಳುಹಿಸುವ ಪತ್ರ ಇತರರ ಜರಡಿಯಲ್ಲಿ ಸಿಲುಕದಿರಲು ಎಸ್‌ಪಿಎಫ್, ಡಿಕಿಮ್ ದಾಖಲೆಗಳನ್ನೂ ಸೇರಿಸಲಿ. 2024ರಿಂದ ಜಿಮೇಲ್ ಇವುಗಳಲ್ಲಿ ಒಂದನ್ನಾದರೂ ಎಲ್ಲ ಕಳುಹಿಸುವವರಿಂದಲೂ ಕೇಳುತ್ತಿದೆ.

ವಿದ್ಯಾರ್ಥಿಗಳೇ, ಅರ್ಜಿ ಹಾಕಿದ ದಿನದಿಂದ ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ತೆರೆದು ನೋಡಿ. ಒಳ್ಳೆಯ ಪತ್ರ ಕಂಡರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ. ಯಂತ್ರ ಎಣಿಸುತ್ತದೆ, ಯಾವುದು ಕಾಳು, ಯಾವುದು ಜೊಳ್ಳು ಎಂದು ಅದಕ್ಕೆ ಹೇಳಿಕೊಡುವ ಹೊಣೆ ನಮ್ಮದು.