ಕೂಡುವುದು, ಕಳೆಯುವುದು ಒಂದೇ ಪಾಠ: ಮಕ್ಕಳಿಗೆ ‘ಸಂಖ್ಯಾ ಕುಟುಂಬ’ದ ಗಣಿತ

3, 5 ಮತ್ತು 8 ಎಂಬ ಮೂರು ಸಂಖ್ಯೆಗಳಿಂದ ನಾಲ್ಕು ಲೆಕ್ಕಗಳು ಹುಟ್ಟುತ್ತವೆ: 3 + 5 = 8, 5 + 3 = 8, 8 − 3 = 5, 8 − 5 = 3. ಒಂದೇ ಮೂಲದ ಈ ನಾಲ್ಕು ಲೆಕ್ಕಗಳ ಗುಂಪನ್ನು ಸಂಖ್ಯಾ ಕುಟುಂಬ ಎನ್ನಬಹುದು. ಎರಡು ಸಂಖ್ಯೆಗಳು ಸಮನಾಗಿದ್ದರೆ ಕುಟುಂಬ ಚಿಕ್ಕದಾಗುತ್ತದೆ. 4, 4, 8ರಲ್ಲಿ ಇರುವುದು ಎರಡೇ ಲೆಕ್ಕ. ಸಂಕಲನದ ಅಧ್ಯಾಯ ಮುಗಿದ ಮೇಲೆಯೇ ವ್ಯವಕಲನ ಎಂಬ ಕ್ರಮಕ್ಕೆ ಒಗ್ಗಿಹೋದ ಶಿಕ್ಷಕರಿಗೂ ಪಾಲಕರಿಗೂ ಇವನ್ನು ಒಟ್ಟಿಗೆ ಕಲಿಸುವುದು ಗೊಂದಲಕ್ಕೆ ದಾರಿ ಎನಿಸಬಹುದು. ವಾಸ್ತವದಲ್ಲಿ ಗೊಂದಲ ಹುಟ್ಟುವುದು ಬೇರ್ಪಡಿಸಿ ಕಲಿಸಿದಾಗಲೇ.

ನೆನಪಿನ ಹೊರೆಯನ್ನೇ ಲೆಕ್ಕ ಹಾಕಿ ನೋಡಬಹುದು. 0ಯಿಂದ 9ರವರೆಗಿನ ಅಂಕಿಗಳನ್ನು ಎರಡೆರಡಾಗಿ ಕೂಡುವ ಲೆಕ್ಕಗಳು 100. ಅವುಗಳಿಗೆ ಜೋಡಿಯಾದ ಕಳೆಯುವ ಲೆಕ್ಕಗಳೂ 100. ಬಿಡಿಬಿಡಿಯಾಗಿ ಕಲಿಯುವ ಮಗು 200 ಸಂಗತಿಗಳನ್ನು ಬಾಯಿಪಾಠ ಮಾಡಬೇಕು. ಕುಟುಂಬವಾಗಿ ಕಲಿತರೆ ಉಳಿಯುವುದು 55 ಗುಂಪುಗಳು ಮಾತ್ರ.

ಸಂಡೂರು ತಾಲ್ಲೂಕಿನ ಕುರೆಕುಪ್ಪದಂತಹ ಊರುಗಳಲ್ಲಿ ಈ ಮಾತಿಗೆ ಇನ್ನೊಂದು ಮುಖವೂ ಇದೆ. ಹಿಂದೆ ಗ್ರಾಮ ಪಂಚಾಯಿತಿಯಾಗಿದ್ದು ಈಗ ಪುರಸಭೆಯಾಗಿರುವ ಈ ಊರು ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಮಗ್ಗುಲಲ್ಲಿದೆ. ಕಾರ್ಖಾನೆಯ ಕೆಲಸಕ್ಕೆ ಹೊರ ರಾಜ್ಯಗಳಿಂದ ಬಂದ ಕುಟುಂಬಗಳು ಈ ಭಾಗದಲ್ಲಿ ನೆಲೆಸಿವೆ. ತೆಲುಗು ಮಾತಂತೂ ಬಳ್ಳಾರಿ ಜಿಲ್ಲೆಗೆ ಹೊಸದಲ್ಲ. ಕನ್ನಡದಲ್ಲಿ ‘ಹದಿನೈದು’ ಎಂದರೆ ಹತ್ತು ಮತ್ತು ಐದು ಎಂಬುದು ಪದದಲ್ಲೇ ಕೇಳಿಸುತ್ತದೆ. ತೆಲುಗಿನ ಮಗುವಿಗೂ ಬಹುಮಟ್ಟಿಗೆ ಇದೇ ಅನುಕೂಲ. ಆದರೆ ಹಿಂದಿಯಲ್ಲಿ 29 ಎಂದರೆ ‘ಉನ್ತೀಸ್’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಹಿಂದಿಯಲ್ಲಿ ನೂರರವರೆಗಿನ ಸಂಖ್ಯಾನಾಮಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಕಲಿಯಬೇಕು. ಇಂತಹ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಾಗ ಮಾತಿಗಿಂತ ಕೈಯಲ್ಲಿರುವ ಹುಣಸೆ ಬೀಜ ಹೆಚ್ಚು ಸಹಾಯಕ.

ಎಡವುವುದು ಎಲ್ಲಿ?: 2005ರಿಂದ ಪ್ರಥಮ್ ಸಂಸ್ಥೆಯ ಆಶ್ರಯದಲ್ಲಿ ನಡೆದುಬಂದಿರುವ ‘ಅಸರ್’ ಗ್ರಾಮೀಣ ಶಿಕ್ಷಣ ಸಮೀಕ್ಷೆಯು ಮಕ್ಕಳ ಮುಂದಿಡುವ ಗಣಿತದ ಮುಖ್ಯ ಪರೀಕ್ಷೆಗಳಲ್ಲಿ ಒಂದು, ದಶಕ ಪಡೆದು ಕಳೆಯುವ ಎರಡಂಕಿಯ ಲೆಕ್ಕ. ಉದಾಹರಣೆಗೆ 52 − 38. ಅನೇಕ ಮಕ್ಕಳು ಇದಕ್ಕೆ 26 ಎಂದು ಬರೆಯುತ್ತಾರೆ. 2ರಲ್ಲಿ 8 ಹೋಗದು, ಆದ್ದರಿಂದ 8ರಲ್ಲಿ 2 ಕಳೆದು 6; 5ರಲ್ಲಿ 3 ಕಳೆದು 2. ಇದು ಅಜಾಗರೂಕತೆಯಲ್ಲ. ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಒಂದನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಸೂತ್ರವನ್ನು ಮಗು ನಿಷ್ಠೆಯಿಂದ ಪಾಲಿಸಿದೆ. ಕುಟುಂಬ ಬಲ್ಲ ಮಗುವಾದರೆ 26ಕ್ಕೆ 38 ಕೂಡಿಸಿ ನೋಡುತ್ತದೆ. 64 ಬಂದೊಡನೆ ಉತ್ತರ ತಪ್ಪೆಂದು ತಿಳಿಯುತ್ತದೆ. ಇನ್ನೂ ಪಳಗಿದ ಮಗು ದಶಕ ಪಡೆಯುವ ಗೋಜಿಗೇ ಹೋಗದೆ, 38ರಿಂದ 40ಕ್ಕೆ 2, 40ರಿಂದ 52ಕ್ಕೆ 12, ಒಟ್ಟು 14 ಎನ್ನುತ್ತದೆ. ಸಂತೆಯ ವ್ಯಾಪಾರಿ ಚಿಲ್ಲರೆ ಎಣಿಸಿ ಕೊಡುವ ರೀತಿ ಇದೇ. ಆತ ಕಳೆಯುವ ಲೆಕ್ಕವನ್ನು ಕೂಡಿಸಿಯೇ ಮುಗಿಸುತ್ತಾನೆ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿದ ಕ್ರಿಯೆಯನ್ನು ಮನಸ್ಸಿನಲ್ಲೇ ಹಿಂದಿರುಗಿಸಬಲ್ಲ ಸಾಮರ್ಥ್ಯವನ್ನು ಮಗುವಿನ ಚಿಂತನೆಯ ದೊಡ್ಡ ಮೆಟ್ಟಿಲೆಂದು ಗುರುತಿಸಿದ್ದರು. ಕೂಡಿಸಿದ್ದನ್ನು ಬಿಡಿಸಿ ನೋಡುವುದು ಈ ಸಾಮರ್ಥ್ಯಕ್ಕೇ ಸಂಬಂಧಿಸಿದ್ದು.

ಕಲಿಸುವ ಬಗೆ: ಮೊದಲಿಗೆ ಹತ್ತು ಬೀಜಗಳು ಸಾಕು. ಹತ್ತನ್ನೂ ಮಗುವಿಗೆ ತೋರಿಸಿ, ಕೆಲವನ್ನು ಅಂಗೈಯಲ್ಲಿ ಮುಚ್ಚಿಟ್ಟು, ಹೊರಗೆ 6 ಉಳಿಸಿ, ‘ಒಳಗೆ ಎಷ್ಟು?’ ಎಂದು ಕೇಳಬೇಕು. ಕೂಡುವುದೋ ಕಳೆಯುವುದೋ ಎಂದು ಹೆಸರಿಸುವ ಅಗತ್ಯವಿಲ್ಲ. ಹತ್ತರ ಜೋಡಿಗಳು (1 ಮತ್ತು 9, 2 ಮತ್ತು 8, 3 ಮತ್ತು 7, 4 ಮತ್ತು 6, 5 ಮತ್ತು 5) ತಡವರಿಸದೆ ಬರುವವರೆಗೆ ಮುಂದೆ ಹೋಗಬಾರದು. ಇವು ಕೈವಶವಾದರೆ 8 + 5 ಎಂಬುದು 8, 2, 3 ಆಗಿ ಒಡೆದು ತಾನಾಗಿ ಹದಿಮೂರಾಗುತ್ತದೆ.

ಬರವಣಿಗೆ ಆರಂಭವಾದಾಗ 8 = 3 + 5 ಎಂದು ತಿರುಗಿಸಿಯೂ ಬರೆಸಬೇಕು. ಇಲ್ಲದಿದ್ದರೆ ಸಮ ಚಿಹ್ನೆ ಎಂದರೆ ‘ಇಲ್ಲಿ ಉತ್ತರ ಬರೆ’ ಎಂಬ ಆಜ್ಞೆಯೆಂದು ಮಕ್ಕಳು ಭಾವಿಸುತ್ತಾರೆ. ಪ್ರೌಢಶಾಲೆಯಲ್ಲಿ ಬೀಜಗಣಿತ ಕಬ್ಬಿಣದ ಕಡಲೆಯಾಗಲು ಇದೂ ಒಂದು ಕಾರಣ. ಹೇಳಿಕೆ ಲೆಕ್ಕಗಳಲ್ಲಿ ‘ಕೊಟ್ಟ’ ಎಂದರೆ ಕಳೆ, ‘ಒಟ್ಟು’ ಎಂದರೆ ಕೂಡು ಎಂಬ ಸುಳಿವು ಪದಗಳನ್ನು ಹೇಳಿಕೊಡುವ ರೂಢಿಯನ್ನು ಕೈಬಿಡುವುದು ಒಳಿತು. ‘ರವಿ ಗೆಳೆಯನಿಗೆ 5 ಗೋಲಿ ಕೊಟ್ಟ. ಈಗ 8 ಉಳಿದಿವೆ. ಮೊದಲು ಎಷ್ಟಿದ್ದವು?’ ಇಲ್ಲಿ ‘ಕೊಟ್ಟ’ ಇದೆ, ಆದರೆ ಕೂಡಬೇಕು.

ಇದಕ್ಕೆ ಬೇಕಾದ ಚೌಕಟ್ಟು ರಾಜ್ಯದಲ್ಲಿ ಇಲ್ಲದಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ 2009ರ ವೇಳೆಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ, ಪ್ರತಿ ಮಗು ತನ್ನದೇ ವೇಗದಲ್ಲಿ ಮೆಟ್ಟಿಲೇರಲು ಅವಕಾಶ ನೀಡಿತು. ಅಕ್ಷರ ಫೌಂಡೇಷನ್ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ 2015ರಲ್ಲಿ ಅಂದಿನ ಹೈದರಾಬಾದ್ ಕರ್ನಾಟಕದ ಶಾಲೆಗಳಿಗೆ ಮಣಿಚೌಕಟ್ಟು, ದಶಕದ ಪಟ್ಟಿಗಳು, ಆಟದ ನೋಟುಗಳಿರುವ ಪೆಟ್ಟಿಗೆಯನ್ನು ತಲುಪಿಸಿತು. ಪೆಟ್ಟಿಗೆ ಬೀರುವಿನಿಂದ ಹೊರಬಂದರೆ ಮಾತ್ರ ಪ್ರಯೋಜನ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮಗ್ಗಿ ಮತ್ತು ಭಾಗಾಕಾರ: ಗುಣಾಕಾರಕ್ಕೂ ಇದೇ ನ್ಯಾಯ. 6 × 7 = 42 ಬಂದರೆ 7 × 6, 42 ÷ 6, 42 ÷ 7 ಬಂದಂತೆಯೇ. 2ರಿಂದ 9ರವರೆಗಿನ ಮಗ್ಗಿಯ 64 ಮನೆಗಳಲ್ಲಿ ನಿಜವಾಗಿ ಕಲಿಯಬೇಕಾದವು 36. ಮಗ್ಗಿ ಒಪ್ಪಿಸುವುದು ಹಳೆಯ ಪದ್ಧತಿಯೆಂದು ಮೂಗು ಮುರಿಯುವುದು ಸರಿಯಲ್ಲ. ಆದರೆ ಮೇಲಿನಿಂದ ಕೆಳಕ್ಕೆ ರಾಗವಾಗಿ ಹೇಳಿಸಿ ಬಿಟ್ಟರೆ ‘42ರಲ್ಲಿ ಎಷ್ಟು ಆರು?’ ಎಂಬ ಪ್ರಶ್ನೆಗೆ ಮಗು ಮತ್ತೆ ‘ಆರೊಂದ್ಲ ಆರು’ ಎಂದೇ ಆರಂಭಿಸುತ್ತದೆ. ನಡುವಿನಿಂದ, ಹಿಂದುಮುಂದಾಗಿ ಕೇಳಬೇಕು.

ಶೂನ್ಯ ಬಂದಾಗ ಮಾತ್ರ ಎಚ್ಚರ ಬೇಕು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯ ಅಸಾಧಾರಣ ಗಣಿತಜ್ಞ. ಆದರೂ ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದೇ ಆತ ಬರೆದ. 6 ÷ 0 = 6 ಎಂದಾದರೆ ಅದೇ ಕುಟುಂಬದ 6 × 0 ಕೂಡ 6 ಆಗಬೇಕು; ಆಗುವುದು 0. ಬೇರೆ ಯಾವ ಉತ್ತರ ಇಟ್ಟರೂ ಇದೇ ಗತಿ. 0 ÷ 0ಕ್ಕಂತೂ ಯಾವ ಸಂಖ್ಯೆಯನ್ನಿಟ್ಟರೂ ಹೊಂದಿಕೊಳ್ಳುವುದರಿಂದ ಒಂದೇ ಉತ್ತರವೆಂಬುದಿಲ್ಲ. ನಾಲ್ಕನೇ ತರಗತಿಯ ಮಗು ಇದನ್ನು ಪಾಟಿಯ ಮೇಲೆ ತಾನೇ ಪರೀಕ್ಷಿಸಿ ನೋಡಬಲ್ಲದು.